ಅಂಚಿನ ಹೊಲಿಗೆ

ಸೊಂಟದಿಂದ ಕೆಳಗೆ ನಾನಿಲ್ಲ.
ಹಸಿರು ಬಟ್ಟೆಯ ಆಚೆ ಯಾರದೋ ಕಾಲು ಎತ್ತುತ್ತಾರೆ.
ನೋಡಿದರೆ, ಬೆರಳಲ್ಲಿ
ನನ್ನದೇ ಕಾಲುಂಗುರ ತೆಗೆದ ಬಿಳಿ ಗುರುತು.

ಮೇಲೆ ಟಿ.ವಿ.ಯಲ್ಲಿ ನನ್ನ ಮಂಡಿಯ ನೇರಪ್ರಸಾರ.
ಒಳಗೆಲ್ಲ ನೀರು,
ಮರುವಾಯಿ ಚಿಪ್ಪಿನ ಒಳಮೈಯಂಥ ಬಿಳುಪು,
ನಡುವೆ ಹರಿದ ಲಿಗಮೆಂಟಿನ ನಾರು
ಹೊಳೆತಳದ ಪಾಚಿಯ ಹಾಗೆ ತೂಗುತ್ತಿದೆ.

ಇದಕ್ಕಾಗಿಯೇ ಬಂದದ್ದು. ಇದರ ಹೆಸರು ಊರಿಗೆಲ್ಲ ಗೊತ್ತು.
ಕುಂಜತ್ತೂರಿನ ಕಬಡ್ಡಿಯಲ್ಲಿ 'ಟಪ್' ಎಂದದ್ದು
ಕುರ್ಚಿಗಳ ಮೂರನೇ ಸಾಲಿಗೂ ಕೇಳಿತಂತೆ.
ಡಿಪೋದಲ್ಲಿ ಎಲ್ಲರೂ ಡಾಕ್ಟರು:
'ಹರ್ಷಲತಾ, ಲಿಗಮೆಂಟ್ ಅಲ್ವಾ? ನನ್ನ ಭಾವನಿಗೂ ಆಗಿತ್ತು.'

ಇನ್ನೊಂದರ ಮಾತು ಯಾರೂ ಎತ್ತಲಿಲ್ಲ.
ಸ್ಕ್ಯಾನಿನ ಚಿತ್ರ ಕೂಡ ಅದನ್ನು ನುಂಗಿಕೊಂಡು ಕೂತಿತ್ತು.

ಡಾಕ್ಟರ್ ಸುಹರಾ ಕ್ಯಾಮೆರಾವನ್ನು ಸಂದಿಯಲ್ಲಿ ಹಿಂದಕ್ಕೆ ತೂರಿಸುತ್ತಾರೆ,
ತುಂಬಿದ ಬಸ್ಸಿನಲ್ಲಿ ನಾನು ಹಿಂದಿನ ಸೀಟಿಗೆ ಹೋಗುವ ಹಾಗೆ,
ಒಂದು ಭುಜ ಮೊದಲು.
ಟಿಕೇಟು ತೆಗೆಯದವನು ಯಾವಾಗಲೂ ಅಲ್ಲೇ ಇರುತ್ತಾನೆ.
ಇದ್ದ.

'ಕಂಡೋ?' ಎಂದರು ಅವರು, ಮಲಯಾಳದಲ್ಲಿ.
'ತೂಯರಾ?' ಎಂದರು ಸಿಸ್ಟರ್ ವಾರಿಜ, ತುಳುವಿನಲ್ಲಿ.
ನಾನು ಕಂಡೆ, ಕನ್ನಡದಲ್ಲಿ.

ಅರ್ಧಚಂದ್ರದಂಥ ಗಾದಿ. ಮೆನಿಸ್ಕಸ್ ಅಂತೆ.
ತೊಡೆಯೆಲುಬಿಗೂ ಕಾಲೆಲುಬಿಗೂ ಜಗಳ ಹತ್ತದಂತೆ
ಮೂವತ್ತೊಂದು ವರ್ಷ ನಡುವೆ ಕೂತು
ಬಾಯಿ ಬಿಟ್ಟಿರಲಿಲ್ಲ.
ಕೊಕ್ಕೆ ತಾಗಿದ್ದೇ ಬಿಟ್ಟಿತು.

'ಕತ್ತರಿಸಿ ತೆಗೆದರೆ ಬೇಗ ಕಾಲೂರಬಹುದು.
ಹೊಲಿದರೆ ಆರು ವಾರ ಊರುಗೋಲು.
ಕಾಗದದಲ್ಲಿ ಎರಡಕ್ಕೂ ಸಹಿ ಹಾಕಿದ್ದೀಯ,
ಆದರೂ ಕೇಳುತ್ತೇನೆ.'

ಆರು ವಾರ.
ನಾನು ದಿನಗೂಲಿ ಕಂಡಕ್ಟರು; ನಿಂತ ದಿನಕ್ಕಷ್ಟೇ ಸಂಬಳ.
ಮಲಗಿದಲ್ಲೇ ಲೆಕ್ಕ ಹಾಕಿದೆ: ಚೀಟಿ ಫಂಡು, ಗ್ಯಾಸು, ಮಗುವಿನ ವ್ಯಾನು.
ಆಮೇಲೆ ಇನ್ನೊಂದು ಲೆಕ್ಕ:
ಹೊಸಂಗಡಿ, ಬಂದ್ಯೋಡು, ಕುಂಬಳೆ,
ಹೊಂಡ ಹೊಂಡಕ್ಕೂ ಎಲುಬಿಗೆ ಎಲುಬು,
ಇನ್ನು ಇಪ್ಪತ್ತೇಳು ವರ್ಷ.

'ಹೊಲಿದರೆ ಕೂಡುತ್ತದಾ?'

ಅವರು ಕೊಕ್ಕೆಯ ತುದಿಯಿಂದ ತೋರಿಸಿದರು.
'ಒಳಗಿನ ಈ ಬಿಳಿ ಭಾಗ ಹರಿದಿದ್ದರೆ ಕೇಳುತ್ತಲೇ ಇರಲಿಲ್ಲ,
ಅಲ್ಲಿಗೆ ರಕ್ತ ಹೋಗುವುದಿಲ್ಲ.
ನಿನ್ನದು ಅಂಚಿನಲ್ಲಿ ಬಿಟ್ಟಿದೆ.
ಅಂಚಿಗೆ ರಕ್ತವಿದೆ. ಕೂಡುವುದಿದ್ದರೆ ಅಂಚೇ ಕೂಡುವುದು.'

ತಲಪಾಡಿಯ ಗೇಟನ್ನು ದಿನಕ್ಕೆ ಎಂಟು ಸಲ ದಾಟುವವಳು ನಾನು.
ಆಚೆ ಒಂದು ಮಾತಿನಲ್ಲಿ ಚಿಲ್ಲರೆ ಕೊಟ್ಟು
ಈಚೆ ಇನ್ನೊಂದರಲ್ಲಿ ಬೈಸಿಕೊಳ್ಳುತ್ತೇನೆ.
ಎರಡೂ ರಾಜಧಾನಿಗೆ ನಾವು ನಕ್ಷೆಯ ಮಡಿಕೆ,
ಮಡಚಿ ಮಡಚಿ ಸವೆದ ಜಾಗ.
ಅಂಚಿಗೆ ರಕ್ತವಿದೆ ಎಂದು
ಇಷ್ಟು ಸಾದಾ ಯಾರೂ ಹೇಳಿರಲಿಲ್ಲ.

'ಹೊಲೀರಿ' ಎಂದೆ,
ಬಸ್ಸಿಗೆ 'ರೈಟ್' ಕೊಡುವಷ್ಟು ಜೋರಾಗಿ.
ಯಾರೋ ನಕ್ಕರು.

ನೀಲಿ ನೂಲು. ಒಂದು, ಎರಡು, ನಾಲ್ಕು.
ಗಂಟು ಬಿಗಿದಾಗ ಚಂದ್ರ ತನ್ನ ಜಾಗಕ್ಕೆ ಸರಿದು ಕೂತ.
ಆಮೇಲೆ ಎಲುಬು ಕೊರೆದ ಸದ್ದು;
ಕಾಲಿಗಲ್ಲ, ನನ್ನ ಹಲ್ಲಿಗೆ ಕೇಳಿತು.
ತೊಡೆಯ ಹಿಂದಿನಿಂದ ಕಿತ್ತ ನರವನ್ನು
ನಾಲ್ಕು ಮಡಿ ಮಾಡಿ ಸುರಂಗದಲ್ಲಿ ಎಳೆದರು.
ಪರದೆಯ ತುಂಬ ಕೆಂಪು ಹೊಗೆ.
ಹೆದರಿದೆ.
'ಹೆದರಬೇಡ, ಕೊರೆದ ಎಲುಬಿನ ಈ ರಕ್ತವೇ
ಹೊಲಿಗೆಗೆ ಗೊಬ್ಬರ' ಎಂದರು ಡಾಕ್ಟರು.
ಒಂದು ಗಾಯ ಇನ್ನೊಂದಕ್ಕೆ ಉಣಬಡಿಸುತ್ತದೆ ಎಂದು
ನನಗೇನು ಗೊತ್ತು.

ಇವತ್ತು ಹದಿನೇಳನೇ ದಿನ.
ಬೆಳಗಿನ ಏಳೂ ಹತ್ತಕ್ಕೆ ನನ್ನ ಬಸ್ಸು,
ಬೇರೆ ಯಾರದೋ 'ರೈಟ್'.
ಬಂದವರೆಲ್ಲ ಮೂಸಂಬಿ ಇಟ್ಟು ಕೇಳುತ್ತಾರೆ,
'ಲಿಗಮೆಂಟ್ ಹೇಗಿದೆ?'
'ಚೆನ್ನಾಗಿದೆ' ಎನ್ನುತ್ತೇನೆ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ.
ಅದು ಹಿಂದಿನ ಸೀಟಿನಲ್ಲಿ,
ಇನ್ನೂ ಟಿಕೇಟು ತೆಗೆಯದೆ,
ಕೂಡುತ್ತಿರಬೇಕು.